ಹಳೆ ಆಯಿಲ್ ಎತ್ತಿಡುವ ಮೊದಲು ಒಮ್ಮೆ ನೋಡಿ

ಪ್ರಶ್ನೆ: ನಮ್ಮದು ನಾಲ್ಕು ಎಕರೆ ಅಡಿಕೆ ತೋಟ. ಸಾಲಿನ ನಡುವೆ ಓಡಾಡಲಿ ಅಂತ ಮೂರು ವರ್ಷದ ಹಿಂದೆ 24 ಎಚ್‌ಪಿಯ ಮಿನಿ ಟ್ರಾಕ್ಟರ್ ತಗೊಂಡೆವು. ಫೋರ್ ವೀಲ್ ಡ್ರೈವ್. ಫ್ರೀ ಸರ್ವಿಸ್, ವಾರಂಟಿ ಎರಡೂ ಮುಗಿದಿವೆ. ಮೀಟರ್ 610 ಗಂಟೆ ತೋರಿಸುತ್ತಿದೆ. ಇನ್ನು ಮುಂದೆ ಆಯಿಲ್ ಬದಲಾಯಿಸುವುದನ್ನು ಮನೆಯಲ್ಲೇ ಮಾಡಿಕೊಳ್ಳಬಹುದಾ? ಪಕ್ಕದ ತೋಟದವರು ಎಲ್ಲಕ್ಕೂ ಒಂದೇ ಆಯಿಲ್ ಸಾಕು ಅನ್ನುತ್ತಾರೆ. ಹೌದಾ?
– ಚನ್ನಗಿರಿ ತಾಲ್ಲೂಕಿನ ಓದುಗರು

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಮಾಡಿಕೊಳ್ಳಿ ಅಂತಲೇ ಹೇಳುತ್ತೇನೆ. ದುಡ್ಡು ಉಳಿಯುತ್ತದೆ ನಿಜ, ಆದರೆ ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಹಳೆ ಆಯಿಲ್ ನಿಮ್ಮ ಕಣ್ಣೆದುರಿಗೇ ಇಳಿಯುತ್ತದೆ. ಒಳಗೆ ಏನಾಗುತ್ತಿದೆ ಅನ್ನುವುದು ಆ ಆಯಿಲ್‌ನಲ್ಲೇ ಕಾಣುತ್ತದೆ.

ಒಂದೇ ಆಯಿಲ್ ಸಾಕು ಅನ್ನುವ ಮಾತನ್ನು ಮಾತ್ರ ನಂಬಬೇಡಿ. ನಿಮ್ಮ ಗಾಡಿಯಲ್ಲಿ ಇಂಜಿನ್‌ದು ಬೇರೆ, ಗೇರು ಮತ್ತು ಹೈಡ್ರಾಲಿಕ್‌ದು ಬೇರೆ, ಮುಂದಿನ ಆಕ್ಸಲ್‌ದು ಬೇರೆ, ರೇಡಿಯೇಟರ್‌ಗಂತೂ ಆಯಿಲ್ಲೇ ಅಲ್ಲ, ಇಂಜಿನ್ ತಂಪಾಗಿಡುವ ಕೂಲೆಂಟ್. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವುದಕ್ಕೆ ಯಾವ ಗ್ರೇಡು, ಎಷ್ಟು ಲೀಟರು ಅಂತ ಒಂದು ಪಟ್ಟಿ ಇರುತ್ತದೆ. ಅಂಗಡಿಗೆ ಹೋಗುವ ಮೊದಲು ಆ ಪುಟದ ಫೋಟೋ ತೆಗೆದುಕೊಂಡು ಹೋಗಿ.

ಇಂಜಿನ್‌ನಿಂದ ಶುರು ಮಾಡಿ. ಈ ಅಳತೆಯ ಇಂಜಿನ್‌ಗಳಿಗೆ ನಮ್ಮ ಕಡೆ ಸಾಮಾನ್ಯವಾಗಿ ಹಾಕುವುದು 15ಡಬ್ಲ್ಯು-40 ಡೀಸೆಲ್ ಇಂಜಿನ್ ಆಯಿಲ್. ಹೆಚ್ಚಿನ ಗಾಡಿಗಳಿಗೆ 200ರಿಂದ 250 ಗಂಟೆಗೊಮ್ಮೆ ಬದಲಾಯಿಸಬೇಕು. ಅಷ್ಟು ಗಂಟೆ ಓಡದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಐದು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡಿ. ಆಯಿಲ್ ಬೆಚ್ಚಗಿದ್ದರೆ ತಳದ ಕೊಳೆಯೂ ಜೊತೆಗೆ ಇಳಿಯುತ್ತದೆ. ಕೆಲಸ ಮುಗಿಸಿ ಬಂದ ತಕ್ಷಣ ಬಿಚ್ಚಬೇಡಿ, ಆಗ ಕೈ ಸುಡುವಷ್ಟು ಬಿಸಿ ಇರುತ್ತದೆ. ಡ್ರೈನ್ ಬೋಲ್ಟಿಗೆ ರಿಂಗ್ ಸ್ಪ್ಯಾನರ್ ಹಾಕಿ. ಅಡ್ಜಸ್ಟಬಲ್ ಸ್ಪ್ಯಾನರ್ ಹಾಕಿದರೆ ಬೋಲ್ಟಿನ ಮೂಲೆ ಸವೆದು ಹೋಗುತ್ತದೆ. ಬೋಲ್ಟಿನ ವಾಷರ್ ಹೊಸದು ಹಾಕಿ.

ಇಂಜಿನ್ ಫಿಲ್ಟರ್ ಬಿಚ್ಚಿದಾಗ ಒಂದು ಸಣ್ಣ ವಿಷಯ ಮರೀಬೇಡಿ. ಹಳೆ ಫಿಲ್ಟರ್‌ನ ರಬ್ಬರ್ ರಿಂಗು ಕೆಲವೊಮ್ಮೆ ಇಂಜಿನ್‌ಗೇ ಅಂಟಿಕೊಂಡು ಉಳಿಯುತ್ತದೆ. ನಾನು ಕೆಲಸ ಕಲಿಯುವಾಗ ಇದನ್ನು ನೋಡದೆ ಹೊಸ ಫಿಲ್ಟರ್ ತಿರುಗಿಸಿದ್ದೆ. ಸ್ಟಾರ್ಟ್ ಮಾಡಿದ ಅರ್ಧ ನಿಮಿಷದಲ್ಲಿ ಎರಡು ರಿಂಗಿನ ಸಂದಿಯಿಂದ ಹೊಸ ಆಯಿಲ್ ಎಲ್ಲ ನೆಲಕ್ಕೆ ಬಂತು. ತಕ್ಷಣ ಆಫ್ ಮಾಡಿದ್ದಕ್ಕೆ ಇಂಜಿನ್ ಉಳಿಯಿತು. ಅವತ್ತಿನಿಂದ ಆ ಜಾಗದಲ್ಲಿ ಬೆರಳಾಡಿಸಿ ನೋಡದೆ ನಾನು ಫಿಲ್ಟರ್ ಕೂರಿಸುವುದಿಲ್ಲ. ಹೊಸ ರಿಂಗಿಗೆ ಸ್ವಲ್ಪ ಆಯಿಲ್ ಸವರಿ, ರಿಂಗು ತಾಗಿದ ಮೇಲೆ ಕೈಯಲ್ಲೇ ಇನ್ನು ಮುಕ್ಕಾಲು ಸುತ್ತು ಬಿಗಿ ಮಾಡಿ. ಅಷ್ಟು ಸಾಕು.

ಹೊಸ ಆಯಿಲ್ ಹಾಕಿ, ಒಂದೆರಡು ನಿಮಿಷ ಓಡಿಸಿ. ಆಯಿಲ್ ಲೈಟ್ ಆರಿತಾ ನೋಡಿ. ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆಯಿರಿ. ಮೇಲಿನ ಗೆರೆ ದಾಟಬಾರದು. ಜಾಸ್ತಿ ಇದ್ದರೆ ಒಳ್ಳೇದು ಅಂತ ಸುರಿಯುವವರಿದ್ದಾರೆ, ಹಾಗೆ ಮಾಡಬೇಡಿ. ಆಯಿಲ್ ನೊರೆ ಕಟ್ಟಿದರೆ ಬೇರಿಂಗಿಗೆ ಸರಿಯಾಗಿ ತಲುಪುವುದಿಲ್ಲ.

ಈಗ ಪಾತ್ರೆಯಲ್ಲಿರುವ ಹಳೆ ಆಯಿಲ್ ನೋಡಿ. ಡೀಸೆಲ್ ಇಂಜಿನ್ ಆಯಿಲ್ ಕಪ್ಪಗಿರುವುದು ಸಹಜ, ಹೆದರಬೇಡಿ. ಡೀಸೆಲ್ ವಾಸನೆ ಹೊಡೆದು ನೀರಿನ ಹಾಗೆ ತೆಳ್ಳಗಾಗಿದ್ದರೆ ಇಂಜೆಕ್ಟರ್ ಅಥವಾ ಪಂಪ್ ಕಡೆಯಿಂದ ಡೀಸೆಲ್ ಸೇರುತ್ತಿದೆ. ಹಾಲು ಹಾಕಿದ ಚಹಾ ಬಣ್ಣ ಬಂದಿದ್ದರೆ ನೀರು ಸೇರಿದೆ. ಈ ಎರಡರಲ್ಲಿ ಯಾವುದಿದ್ದರೂ ಗಾಡಿ ಓಡಿಸದೆ ಮೆಕ್ಯಾನಿಕ್‌ನ ಕರೆಸಿ.

ಗೇರ್ ಬಾಕ್ಸ್ ಮತ್ತು ಹೈಡ್ರಾಲಿಕ್ ಕೆಲಸ ಸ್ವಲ್ಪ ದೊಡ್ಡದು. ಮಿನಿ ಟ್ರಾಕ್ಟರ್‌ಗಳಲ್ಲಿ ಇವೆರಡಕ್ಕೂ ಸಾಮಾನ್ಯವಾಗಿ ಒಂದೇ ಆಯಿಲ್. ಎಷ್ಟೋ ಗಾಡಿಗಳಲ್ಲಿ ಬ್ರೇಕ್ ಪ್ಲೇಟುಗಳೂ ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಅದಕ್ಕೇ ಇಲ್ಲಿ ಡಬ್ಬಿ ಮೇಲೆ ಯುಟಿಟಿಓ (UTTO) ಅಂತ ಬರೆದಿರುವ, ಈ ಮೂರಕ್ಕೂ ಆಗುವ ಆಯಿಲ್ ಬೇಕಾಗುತ್ತದೆ. ಅಗ್ಗ ಅಂತ ಬರೀ ಗೇರ್ ಆಯಿಲ್ ಹಾಕಿದರೆ ಬ್ರೇಕ್ ಒತ್ತಿದಾಗ ಕಿರ್ ಅನ್ನುತ್ತದೆ, ಸರಿಯಾಗಿ ಹಿಡಿಯುವುದೂ ಇಲ್ಲ. ತೋಟದ ಇಳಿಜಾರಿನಲ್ಲಿ ಟ್ರೇಲರ್ ಕಟ್ಟಿಕೊಂಡಾಗ ಇದು ಪ್ರಾಣಕ್ಕೇ ಅಪಾಯ. ಬದಲಾವಣೆಯ ಅವಧಿ ಹೆಚ್ಚಿನ ಗಾಡಿಗಳಿಗೆ 800ರಿಂದ 1000 ಗಂಟೆ. ನಿಮ್ಮದಕ್ಕೆ ಇನ್ನೂ ಸಮಯ ಇದೆ ಅನ್ನಿಸುತ್ತದೆ, ಪುಸ್ತಕದಲ್ಲಿ ಖಾತ್ರಿ ಮಾಡಿಕೊಳ್ಳಿ.

ಆ ಸಮಯ ಬಂದಾಗ ಮೊದಲು ಹಿಂದಿನ ಲಿಫ್ಟ್ ಪೂರ್ತಿ ಕೆಳಗಿಳಿಸಿ, ಇಲ್ಲದಿದ್ದರೆ ಸಿಲಿಂಡರಿನಲ್ಲಿ ಆಯಿಲ್ ಉಳಿದು ಲೆಕ್ಕ ತಪ್ಪುತ್ತದೆ. ಡ್ರೈನ್ ಬೋಲ್ಟ್ ಒಂದೇ ಅಂದುಕೊಳ್ಳಬೇಡಿ. ನಡುವೆ ಒಂದು, ಹಿಂದಿನ ಚಕ್ರಗಳ ಕಡೆ ಒಂದೊಂದು ಇರಬಹುದು. ಬೋಲ್ಟಿಗೆ ಮ್ಯಾಗ್ನೆಟ್ ಇದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಕಾಡಿಗೆಯ ಹಾಗೆ ನುಣ್ಣಗಿದ್ದರೆ ಮಾಮೂಲಿ ಸವೆತ. ಉಗುರಿಗೆ ಸಿಗುವಷ್ಟು ಚೂರು ಇದ್ದರೆ ಯಾವುದೋ ಗೇರಿನ ಹಲ್ಲು ಹೋಗುತ್ತಿದೆ. ಸ್ಟ್ರೇನರ್ (ಆಯಿಲ್ ಸೋಸುವ ಜಾಲರಿ) ಡೀಸೆಲ್‌ನಲ್ಲಿ ತೊಳೆದು ಒಣಗಿಸಿ, ಫಿಲ್ಟರ್ ಹೊಸದು ಹಾಕಿ. ಹೊಸ ಆಯಿಲ್ ತುಂಬಿದ ಮೇಲೆ ಲಿಫ್ಟ್ ಐದಾರು ಸಲ ಮೇಲೆ ಕೆಳಗೆ ಮಾಡಿ, ಮತ್ತೆ ಅಳತೆ ನೋಡಿ. ಹೆಚ್ಚು ಕಡಿಮೆ ಖಂಡಿತ ಆಗಿರುತ್ತದೆ.

ಕೂಲೆಂಟ್ ಬಗ್ಗೆ ಒಂದೇ ಮಾತು: ಬೋರ್‌ವೆಲ್ ನೀರು ಬೇಡ. ದಾವಣಗೆರೆ, ಚಿತ್ರದುರ್ಗ ಕಡೆಯ ಎಷ್ಟೋ ಬೋರ್‌ಗಳ ನೀರು ಗಡಸು. ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಲ್ವಾ, ಅದೇ ಪೊರೆ ರೇಡಿಯೇಟರಿನಲ್ಲೂ ಕಟ್ಟುತ್ತದೆ. ಕೂಲೆಂಟ್‌ಗೆ ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ. ಇಳಿಸಿದ ಕೂಲೆಂಟ್ ಅಂಗಳದಲ್ಲಿ ಬಿಡಬೇಡಿ. ಅದು ಸಿಹಿ ಇರುತ್ತದೆ, ನಾಯಿ ದನ ನೆಕ್ಕುತ್ತವೆ, ಅದು ವಿಷ.

ಇಳಿಸಿದ ಆಯಿಲ್‌ನ ಗೆದ್ದಲಿಗೆ ಅಂತ ಬೇಲಿ ಕಂಬಕ್ಕೆ ಬಳಿಯುವುದು, ಧೂಳು ಏಳದಿರಲಿ ಅಂತ ದಾರಿಗೆ ಸುರಿಯುವುದು ನಮ್ಮಲ್ಲಿ ತುಂಬಾ ಇದೆ. ದಯವಿಟ್ಟು ಬಿಡಿ. ಮಳೆ ಬಂದರೆ ಅದು ಹೋಗುವುದು ಕಾಲುವೆಗೆ, ಕೆರೆಗೆ. ಚರ್ಮಕ್ಕೂ ಅದು ಒಳ್ಳೇದಲ್ಲ, ಕೈಗವಸು ಹಾಕಿಕೊಳ್ಳಿ. ಹಳೆ ಡಬ್ಬಿಗೇ ತುಂಬಿ ಮುಚ್ಚಳ ಹಾಕಿ, ಹಳೆ ಆಯಿಲ್ ಡ್ರಮ್ಮಿನಲ್ಲಿ ಕೂಡಿಟ್ಟು ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.

ಪ್ರಶ್ನೆ: ಭತ್ತದ ಗದ್ದೆಗೆ 28 ಎಚ್‌ಪಿ ಫೋರ್ ವೀಲ್ ಡ್ರೈವ್ ಬಳಸುತ್ತೇವೆ. ಮುಂದಿನ ಆಕ್ಸಲ್ ಆಯಿಲ್ ಬಿಳಿಚಿಕೊಂಡು ಬಂತು. ಬದಲಾಯಿಸಿದೆವು, ಎರಡೇ ತಿಂಗಳಿಗೆ ಮತ್ತೆ ಹಾಗೇ ಆಯಿತು.
– ಹರಿಹರ ತಾಲ್ಲೂಕಿನ ಓದುಗರು

ಉತ್ತರ: ನೀರು ಹೋಗುವ ದಾರಿ ಮುಚ್ಚದೆ ಎಷ್ಟು ಸಲ ಆಯಿಲ್ ಬದಲಾಯಿಸಿದರೂ ಇಷ್ಟೇ. ಭದ್ರಾ ಕಾಲುವೆ ನೀರಲ್ಲಿ ಕೆಸರು ಹೊಡೆಯುವ ಗಾಡಿಗಳಲ್ಲಿ ನಾನು ತುಂಬಾ ನೋಡಿರುವ ತೊಂದರೆ ಇದು. ಕೆಲಸ ಮಾಡಿ ಬಿಸಿಯಾದ ಆಕ್ಸಲ್ ತಣ್ಣೀರಿನಲ್ಲಿ ನಿಂತರೆ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಸವೆದ ಸೀಲ್ ಮೂಲಕ, ಬ್ರೀದರ್ (ಆಕ್ಸಲ್ ಒಳಗೆ ಹೊರಗೆ ಗಾಳಿ ಆಡಲು ಇರುವ ಸಣ್ಣ ಕಿಂಡಿ) ಮೂಲಕ ನೀರು ಒಳಗೆ ಎಳೆದುಕೊಳ್ಳುತ್ತದೆ. ಎರಡೂ ಹಬ್ ಸೀಲ್ ಬದಲಾಯಿಸಿ, ಬ್ರೀದರ್ ಬಿಚ್ಚಿ ತೊಳೆಯಿರಿ. ಸೀಲ್ ಹಾಕಿಸುವ ಕೆಲಸ ಗ್ಯಾರೇಜಿನಲ್ಲೇ ಆಗಲಿ.

ಆಯಿಲ್ ಹಾಕುವಾಗ ಮೊದಲು ಮೇಲಿನ ತುಂಬಿಸುವ ಬೋಲ್ಟ್ ಬಿಚ್ಚಿ. ಕೆಸರಿನ ಗಾಡಿಯಲ್ಲಿ ಅದು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಅದು ಬಿಚ್ಚಿದ ಮೇಲೆಯೇ ಕೆಳಗಿನ ಡ್ರೈನ್‌ಗೆ ಕೈ ಹಾಕಿ. ಇಲ್ಲದಿದ್ದರೆ ಆಯಿಲ್ ಖಾಲಿಯಾದ ಆಕ್ಸಲ್ ಇಟ್ಟುಕೊಂಡು ಸುಮ್ನೆ ಕೂರಬೇಕಾಗುತ್ತದೆ.

ಮುಂದಿನ ನಾಟಿ ಮುಗಿದ ಮೇಲೆ ಗಾಡಿಯನ್ನು ಒಂದು ರಾತ್ರಿ ಒಣ ಜಾಗದಲ್ಲಿ ನಿಲ್ಲಿಸಿ. ನೀರು ಆಯಿಲ್‌ಗಿಂತ ಭಾರ, ತಳಕ್ಕೆ ಇಳಿದಿರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಡ್ರೈನ್ ಬೋಲ್ಟ್ ಒಂದೆರಡು ಸುತ್ತು ಸಡಿಲಿಸಿ ಗಾಜಿನ ಲೋಟ ಹಿಡಿಯಿರಿ. ಮೊದಲು ಆಯಿಲ್ಲೇ ಬಂದರೆ, ಅದೂ ಬಿಳಿಚಿಕೊಂಡಿಲ್ಲದಿದ್ದರೆ, ಬೋಲ್ಟ್ ಬಿಗಿ ಮಾಡಿ, ಲೋಟಕ್ಕೆ ಬಂದಷ್ಟು ಹೊಸ ಆಯಿಲ್ ಮೇಲಿನಿಂದ ಹಾಕಿ. ಮೊದಲು ನೀರು ಬಂದರೆ ಪೂರ್ತಿ ಇಳಿಸಿ, ಸೀಲ್ ಹಾಕಿದವರಿಗೆ ಆ ಲೋಟ ತೋರಿಸಿ.