ಬಾಣೆ ಬದಿಯ ಪ್ರಶ್ನೆಗಳು: ಅಣಬೆಯ ಬುಡ ನೋಡಿದ್ದೀರಾ?

ಈ ಸಲ ಬಂದ ಪತ್ರಗಳಲ್ಲಿ ಅಣಬೆಯದ್ದೇ ಜಾಸ್ತಿ. ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಗುಡುಗು ಮಳೆ ಆದ ಮೇಲೆ ನಮ್ಮ ಬಾಣೆಯ (ಗದ್ದೆಗೆ ಸೇರಿದ ಗುಡ್ಡದ ಜಾಗ) ಹುತ್ತದ ಪಕ್ಕ ಬಿಳಿ ಅಣಬೆ ಎದ್ದಿವೆ. ಅತ್ತೆ "ಇದು ತಿನ್ನೋ ಕುಮ್ಮು (ಅಣಬೆ), ಸಾರು ಮಾಡು" ಅಂತಾರೆ. ನಮ್ಮ ಮನೆಯವರಿಗೆ ಭಯ. ಬೆಳ್ಳಿ ನಾಣ್ಯ ಹಾಕಿ ಬೇಯಿಸಿದೆ, ಕಪ್ಪಾಗಲಿಲ್ಲ. ಫೋಟೊ ಕಳಿಸಿದ್ದೇನೆ. ತಿನ್ನಬಹುದಾ? (ಸುಂಟಿಕೊಪ್ಪ)

ಉತ್ತರ: ಮೊದಲು ಆ ಬೆಳ್ಳಿ ನಾಣ್ಯವನ್ನು ಪೆಟ್ಟಿಗೆಗೆ ಹಾಕಿ. ಅಣಬೆಯ ವಿಷಕ್ಕೆ ಬೆಳ್ಳಿ ಕಪ್ಪಾಗುವುದಿಲ್ಲ. ಹುಳ ತಿಂದಿದ್ದರೆ ನಾವೂ ತಿನ್ನಬಹುದು ಅನ್ನೋ ಮಾತೂ ಸುಳ್ಳು. ಮನುಷ್ಯರನ್ನು ಕೊಲ್ಲುವ ಅಣಬೆಯನ್ನು ಹುಳಗಳು ಆರಾಮಾಗಿ ತಿನ್ನುತ್ತವೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ನಿಮ್ಮ ಫೋಟೊದಲ್ಲಿ ಕೊಡೆಯ ಮೇಲ್ಭಾಗ ಮಾತ್ರ ಇದೆ. ಅಷ್ಟು ನೋಡಿ "ತಿನ್ನಿ" ಅಂತ ನಾನು ಯಾರಿಗೂ ಹೇಳುವುದಿಲ್ಲ. ಅತ್ತೆಯನ್ನೇ ಜೊತೆಗೆ ಕರೆದುಕೊಂಡು ಹೋಗಿ. ಒಂದೇ ಒಂದು ಅಣಬೆಯ ಸುತ್ತ ಕೋಲಿನಿಂದ ಮಣ್ಣು ಮೆಲ್ಲಗೆ ಸಡಿಲ ಮಾಡಿ. ಹುತ್ತದ ಅಣಬೆಯ ಕಾಲು ನೆಲದ ಮಟ್ಟಕ್ಕೆ ಮುಗಿಯುವುದಿಲ್ಲ. ಬೇರಿನ ಹಾಗೆ ಸಣ್ಣಗಾಗುತ್ತಾ ಕೆಳಗೆ ಇಳಿಯುತ್ತಲೇ ಹೋಗುತ್ತದೆ. ಅದು ಮುಟ್ಟುವುದು ಗೆದ್ದಲಿನ ಗೂಡನ್ನು. ಗೆದ್ದಲುಗಳು ಒಣಗಿದ ಎಲೆ, ಕಡ್ಡಿ ತಿಂದು, ಹೊಟ್ಟೆಯಿಂದ ಹೊರಬಂದದ್ದನ್ನು ಪೇರಿಸಿ, ತೂತು ತೂತಾದ ಗೂಡು ಕಟ್ಟುತ್ತವೆ. ಅದರ ಮೇಲೆ ಈ ಅಣಬೆಯನ್ನೇ ಬೆಳೆಸಿ ಉಣ್ಣುತ್ತವೆ. ಮಳೆಗೆ ನೆಲ ನೆನೆದಾಗ ಅದು ಮಣ್ಣು ಸೀಳಿಕೊಂಡು ಮೇಲೆ ಬರುತ್ತದೆ. ಸೀಳಲು ಬೇಕಾದ ಗಟ್ಟಿ ಮೊನೆ ಕೊಡೆಯ ನೆತ್ತಿಯಲ್ಲೇ ಇರುತ್ತದೆ, ಬೆರಳಿಟ್ಟು ನೋಡಿ. ಕೊಡೆಯ ಅಡಿಯ ಪದರಗಳು ಮೊದಲು ಬಿಳಿ, ಆಮೇಲೆ ತುಸು ಗುಲಾಬಿ. ಅಕ್ಕಿ ಚೆಲ್ಲಿದ ಹಾಗೆ ನೆಲದ ತುಂಬ ಏಳುವ ಪುಟ್ಟ ಜಾತಿಯೊಂದಿದೆ. ಅದಕ್ಕೆ ಮಾತ್ರ ಈ ಉದ್ದ ಬೇರಿಲ್ಲ. ಗೆದ್ದಲು ಹೊರಗೆ ತಂದು ಹಾಕಿದ ಗೂಡಿನ ಚೂರುಗಳಿಂದ ಅದು ಹುಟ್ಟುತ್ತದೆ.

ಈಗ ಭಯಪಡಬೇಕಾದದ್ದು. ದನ ಮೇಯುವ ಹುಲ್ಲಿನಲ್ಲಿ, ಅಂಗಳದ ಲಾನಿನಲ್ಲಿ ದೊಡ್ಡ ಬಿಳಿ ಅಣಬೆ ಬರುತ್ತದೆ. ಮೇಲೆ ಕಂದು ಚಕ್ಕೆ, ಕಾಲಿಗೆ ಉಂಗುರ, ಬಲಿತ ಮೇಲೆ ಅಡಿಪದರ ಹಸಿರು. ತಿಂದ ಕೆಲವೇ ಗಂಟೆಯಲ್ಲಿ ವಾಂತಿ, ಭೇದಿ. ಅದಕ್ಕಿಂತ ಕೆಟ್ಟದ್ದು ಬುಡದಲ್ಲಿ ಚೀಲ ಇರುವ ಬಿಳಿ ಅಣಬೆ. ಮೇಲಿಂದ ಕಿತ್ತರೆ ಚೀಲ ಮಣ್ಣಲ್ಲೇ ಉಳಿಯುತ್ತದೆ, ಗುರುತೂ ಅಲ್ಲೇ ಉಳಿಯುತ್ತದೆ. ಅದಕ್ಕೇ ನಾನು ಬುಡ ಬುಡ ಅಂತ ಬಡಿದುಕೊಳ್ಳುವುದು. ಅದರ ವಿಷ ತಡವಾಗಿ, ಆರು ಗಂಟೆಯೋ ಅರ್ಧ ದಿನವೋ ಕಳೆದ ಮೇಲೆ ಕಾಣಿಸುತ್ತದೆ. ನಡುವೆ ಒಂದು ದಿನ ವಾಸಿಯಾದ ಹಾಗೆ ಇರುತ್ತದೆ. ಆಮೇಲೆ ಲಿವರ್ ಕೈಕೊಡುತ್ತದೆ. ಅಣಬೆ ತಿಂದು ಯಾರಿಗಾದರೂ ಹೊಟ್ಟೆ ಕೆಟ್ಟರೆ, ಕಡಿಮೆ ಆಯ್ತಲ್ವಾ ಅಂತ ಸುಮ್ನೆ ಕೂರಬೇಡಿ. ಉಳಿದ ಅಣಬೆಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.

ನಿಮ್ಮದು ಹುತ್ತದ್ದೇ ಅಂತ ಅತ್ತೆ ಬುಡ ನೋಡಿ ಹೇಳಿದರೆ ಅವರ ಮಾತು ಕೇಳಿ. ಚೂರು ಅನುಮಾನ ಇದ್ದರೂ ಬಿಟ್ಟುಬಿಡಿ. ಹುತ್ತ ಅಗೆಯಬೇಡಿ. ಗೂಡೇ ಹಾಳಾದರೆ ಬರುವ ವರ್ಷ ಅಲ್ಲಿ ಅಣಬೆ ಏಳುವುದು ಹೇಗೆ?

ಪ್ರಶ್ನೆ: ಕಕ್ಕಡ ಹದಿನೆಂಟಕ್ಕೆ ಊರಿಗೆ ಬಂದು ಮದ್ದು ಸೊಪ್ಪಿನ ಪಾಯಸ ಕುಡಿದೆ. ಮರುದಿನ ಮೂತ್ರ ಕೆಂಪು! ಡಾಕ್ಟರಿಗೆ ತೋರಿಸಬೇಕಾ? (ಮೈಸೂರು)

ಉತ್ತರ: ಗಾಬರಿ ಬೇಡ. ಪಾಯಸವನ್ನು ನೇರಳೆ ಮಾಡಿದ ಸೊಪ್ಪಿನ ಬಣ್ಣವೇ ಅದು. ಕೊಡಗಿನ ಮನೆಗಳಲ್ಲಿ ಪ್ರತಿ ವರ್ಷ ಕಕ್ಕಡ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3ರ ಹೊತ್ತಿಗೆ ಇದೇ ಮಾತು. ಎರಡು ದಿನ ಕಳೆದರೂ ಹೋಗದಿದ್ದರೆ, ಅಥವಾ ನೋವಿದ್ದರೆ, ಆಗ ತೋರಿಸಿ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆ ಅಂತ ಹಿರಿಯರ ನಂಬಿಕೆ. ಗಿಡ ತೋಟದ ನೆರಳಲ್ಲಿ, ತೇವ ಇರುವ ಕಡೆ ಸಿಗುತ್ತದೆ. ಎಲೆಗಳು ಎದುರುಬದುರು, ಗೆಣ್ಣು ಉಬ್ಬಿರುತ್ತದೆ. ಇಡೀ ಗಿಡ ಕೀಳಬೇಡಿ. ಒಂದು ಕಡ್ಡಿ ತಂದು ನೆಟ್ಟರೆ ಬೇರು ಬಿಡುತ್ತದೆ.

ಪ್ರಶ್ನೆ: ಬೇಲಿಯಲ್ಲಿ ಬೆಂಕಿ ಬಣ್ಣದ ಹೂ ಸಿಕ್ಕಿತು. ಅಜ್ಜಿ ಮುಟ್ಟಬೇಡ ಅಂತ ಬೈದರು. ಆದರೆ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆ) ದಿನ ಅದನ್ನೇ ಕೋವಿಗೆ ಇಡುತ್ತಾರೆ. ಯಾಕೆ? (ಗೋಣಿಕೊಪ್ಪದ ಶಾಲಾ ಬಾಲಕಿ)

ಉತ್ತರ: ಒಳ್ಳೆ ಪ್ರಶ್ನೆ ಮಗಳೇ. ಅದು ಗೌರಿ ಹೂ, ಕೊಡವರು ತೋಕ್ ಪೂ, ಅಂದರೆ ಕೋವಿ ಹೂ, ಅನ್ನುತ್ತಾರೆ. ಸೆಪ್ಟೆಂಬರ್ 3ರ ಹಬ್ಬಕ್ಕೆ ಸರಿಯಾಗಿ ಅರಳಿರುತ್ತದೆ. ಅಜ್ಜಿಗೆ ಭಯ ಇರುವುದು ಅದರ ಗೆಡ್ಡೆಯದ್ದು. ಗಿಡದಲ್ಲೆಲ್ಲ ಕಾಲ್ಚಿಸಿನ್ ಎಂಬ ವಿಷ ಇದೆ, ಗೆಡ್ಡೆಯಲ್ಲಿ ಜಾಸ್ತಿ. ಗೆಣಸು ಅಂದುಕೊಂಡು ತಿಂದು ಸತ್ತವರಿದ್ದಾರೆ. ಹೂ ನೋಡು, ಬಾಯಿಗೆ ಇಡಬೇಡ, ಮುಟ್ಟಿದರೆ ಕೈ ತೊಳೆ. ಎಲೆಯ ತುದಿ ಗಮನಿಸಿದೆಯಾ? ಅದು ಸುರುಳಿ ಸುತ್ತಿ ಬೇಲಿಯನ್ನು ಹಿಡಿದುಕೊಂಡಿರುತ್ತದೆ. ಗಿಡ ಹತ್ತುವುದೇ ಎಲೆ ತುದಿಯಿಂದ. ಹೂ ಮೊದಲ ದಿನ ಹಸಿರು ಹಳದಿ, ಆಮೇಲೆ ಕೆಂಪು. ಅದೇ ಹೂವನ್ನು ದಿನಾ ಹೋಗಿ ನೋಡಿ, ಬಣ್ಣ ಬದಲಾಗುವುದನ್ನು ನನಗೆ ಬರೆದು ಕಳಿಸು.

ಪ್ರಶ್ನೆ: ಮಡಿಕೇರಿ ಹತ್ತಿರದ ಮಾಂದಲ್‌ಪಟ್ಟಿ ಗುಡ್ಡದಲ್ಲಿ ಕುರಿಂಜಿ ಹೂ ಮತ್ತೆ ಯಾವಾಗ? ರಜೆ ಹಾಕಬೇಕು. (ಬೆಂಗಳೂರು)

ಉತ್ತರ: ಅಲ್ಲಿ 2021ರ ಮಳೆಗಾಲದಲ್ಲಿ ಗುಡ್ಡ ನೀಲಿಯಾಗಿತ್ತು. ಹನ್ನೆರಡು ವರ್ಷದ ಲೆಕ್ಕ ಮುನ್ನಾರಿನ ಜಾತಿಯದ್ದು, ಅದು 2018ರಲ್ಲಿ ಅರಳಿತು. ಕುರಿಂಜಿಯಲ್ಲಿ ಹಲವು ಜಾತಿ, ಒಂದೊಂದಕ್ಕೆ ಒಂದೊಂದು ಲೆಕ್ಕ. ಕ್ಯಾಲೆಂಡರ್ ನೋಡಿ ರಜೆ ಹಾಕುವ ಬದಲು, ಆಗಸ್ಟ್‌ನಲ್ಲಿ ಅಲ್ಲಿನ ಜೀಪಿನವರನ್ನು ವಿಚಾರಿಸಿ ಹೊರಡಿ. ಬಂದಾಗ ಒಂದು ಗೊಂಚಲೂ ಕೀಳಬೇಡಿ. ಈ ಗಿಡ ಒಮ್ಮೆ ಹೂ ಬಿಟ್ಟು, ಬೀಜ ಕಟ್ಟಿ, ಸಾಯುತ್ತದೆ. ನೀವು ಕಿತ್ತ ಗೊಂಚಲಿನ ಬೀಜಕ್ಕೆ ಮತ್ತೊಂದು ಸರದಿ ಇಲ್ಲ.