ತೋಟದ ನಾಯಿಗೆ ಬೀದಿ ನಾಯಿ ಕಚ್ಚಿದರೆ

ಅಣ್ಣ, ನಿನ್ನೆ ಸಂಜೆ ಬೀದಿ ನಾಯಿಗಳು ನಿಮ್ಮ ತೋಟದ ನಾಯಿಯ ಕುತ್ತಿಗೆಗೆ ಬಾಯಿ ಹಾಕಿವೆ, ಎರಡೇ ಸಣ್ಣ ತೂತು, ಊಟ ಚೆನ್ನಾಗಿ ಮಾಡುತ್ತಿದೆ, ಅರಿಶಿನ ಎಣ್ಣೆ ಹಚ್ಚಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ ಅಣ್ಣ. ಇವತ್ತೇ ಪಶು ವೈದ್ಯರಿಗೆ ತೋರಿಸಿ.

ಯಾಕೆ ಅಂದರೆ, ನಾಯಿ ಬರೀ ಕಚ್ಚಿ ಬಿಡುವುದಿಲ್ಲ, ಹಿಡಿದು ಜಗ್ಗಾಡುತ್ತದೆ. ಕುತ್ತಿಗೆಯ ಚರ್ಮ ಮೊದಲೇ ಸಡಿಲ. ಕೋರೆಹಲ್ಲು ಮೇಲೆ ಒಂದೇ ಕಡೆ ಚುಚ್ಚಿದ್ದರೂ ಒಳಗೆ ಚರ್ಮ ಮಾಂಸದಿಂದ ಬಿಟ್ಟುಕೊಂಡಿರುತ್ತದೆ. ಆ ಸಂದಿಯಲ್ಲಿ ಜೊಲ್ಲು, ಕೂದಲು, ಮಣ್ಣು ಎಲ್ಲ ಸೇರಿರುತ್ತದೆ. ಒಂದೆರಡು ದಿನದಲ್ಲಿ ಮೇಲಿನ ತೂತು ಮುಚ್ಚಿಕೊಂಡು ಒಳಗೆ ಕೀವು ಕಟ್ಟುತ್ತದೆ. ಅರಿಶಿನ ಮೆತ್ತಿದರೆ ನಾವೇ ಮುಚ್ಚಳ ಹಾಕಿದ ಹಾಗೆ. ಕಾಫಿ ಪುಡಿ, ಸುಣ್ಣ, ಸೀಮೆಎಣ್ಣೆಯೂ ಬೇಡ.

ಡಾಕ್ಟರ ಹತ್ತಿರ ಹೋಗುವುದು ತಡವಾದರೆ ತೊಳೆಯುವ ಕೆಲಸ ನೀವೇ ಶುರು ಮಾಡಿ. ಕೈಗೆ ಗ್ಲೌಸ್ ಇರಲಿ. ಎಷ್ಟೇ ಸಾಧು ನಾಯಿಯಾದರೂ ನೋವಿಗೆ ಕಚ್ಚಿಬಿಡುತ್ತದೆ, ಹತ್ತಿ ಬಟ್ಟೆಯ ಪಟ್ಟಿಯಿಂದ ಬಾಯಿ ಕಟ್ಟಿ. ಉಸಿರಾಟಕ್ಕೆ ಕಷ್ಟ ಇದ್ದರೆ, ವಾಂತಿ ಆಗುತ್ತಿದ್ದರೆ ಮಾತ್ರ ಕಟ್ಟಬೇಡಿ. ತೂತಿಗೆ ಸ್ವಲ್ಪ ವ್ಯಾಸಲಿನ್ ಸವರಿ ಸುತ್ತಲಿನ ಕೂದಲು ಕತ್ತರಿಸಿ, ಆಗ ಕೂದಲು ಗಾಯದೊಳಗೆ ಬೀಳುವುದಿಲ್ಲ. ಕತ್ತರಿಸಿದ ಮೇಲೆ ಇನ್ನೂ ಎರಡು ಮೂರು ತೂತು ಕಾಣಿಸಿದರೆ ಆಶ್ಚರ್ಯ ಬೇಡ, ದಟ್ಟ ಕೂದಲಲ್ಲಿ ಎಷ್ಟೋ ಗಾಯ ಅಡಗಿರುತ್ತವೆ.

ಮೊದಲು ಹರಿಯುವ ನೀರು, ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಆಮೇಲೆ ಮೆಡಿಕಲ್ ಶಾಪಿನ ನಾರ್ಮಲ್ ಸಲೈನ್. ಅದು ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಅಂದಾಜು ಒಂದೂವರೆ ಟೀ ಚಮಚ. ಸೂಜಿ ತೆಗೆದ 20 ಎಂಎಲ್ ಸಿರಿಂಜಿನಲ್ಲಿ ಆ ನೀರನ್ನು ಗಾಯಕ್ಕೆ ಬಿಡಿ. ಹೊರಗೆ ಬರುವ ನೀರು ತಿಳಿಯಾಗುವವರೆಗೆ ಬಿಡುತ್ತಿರಿ, ಒಳಗೆ ಬಲವಂತವಾಗಿ ತುಂಬಬೇಡಿ. ಕೊನೆಗೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ಹಾಕಿ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್, ಡೆಟಾಲ್ ಗಾಯದೊಳಗೆ ಹುಯ್ಯಬೇಡಿ. ಹೊಸದಾಗಿ ಬೆಳೆಯುವ ಮಾಂಸವನ್ನೂ ಅವು ಸುಡುತ್ತವೆ.

ಡಾಕ್ಟರು ಹೊಲಿಗೆ ಹಾಕದೆ ಬಿಟ್ಟರೆ ಬೇಜಾರಾಗಬೇಡಿ. ಇಂಥ ಗಾಯ ಒಳಗಿನಿಂದ ಮಾಯುತ್ತಾ ಬರಬೇಕು, ಹಾಗಾಗಿ ತೆರೆದೇ ಇಡುವುದು ಜಾಸ್ತಿ. ಆ್ಯಂಟಿಬಯೋಟಿಕ್ ನಾಯಿಯ ತೂಕ ನೋಡಿ ಕೊಡುತ್ತಾರೆ, ಗಾಯ ಒಣಗಿತು ಅಂತ ಮಧ್ಯೆ ನಿಲ್ಲಿಸಬೇಡಿ. ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ದಯವಿಟ್ಟು ಕೊಡಬೇಡಿ. ನಮಗೆ ಒಗ್ಗುವ ಮಾತ್ರೆ ನಾಯಿಯ ಲಿವರ್, ಕಿಡ್ನಿ, ಹೊಟ್ಟೆಯನ್ನು ಹಾಳು ಮಾಡುತ್ತದೆ.

ಇನ್ನು ರೇಬೀಸ್ ವಿಷಯ. ಕಚ್ಚಿದ್ದು ಯಾರ ನಾಯಿ ಅಂತ ಗೊತ್ತಿಲ್ಲ ಅಲ್ವಾ, ಅಂದಮೇಲೆ ರೇಬೀಸ್ ಇದೆ ಅಂತಲೇ ಲೆಕ್ಕ ಹಿಡಿಯಿರಿ. ಪ್ರತಿ ವರ್ಷ ಲಸಿಕೆ ಹಾಕಿಸಿದ್ದರೂ ಈಗ ತಕ್ಷಣ ಇನ್ನೊಂದು ಬೂಸ್ಟರ್ ಬೇಕು. ಒಮ್ಮೆಯೂ ಹಾಕಿಸಿಲ್ಲ ಅಂದರೆ ಡಾಕ್ಟರು ಸಾಮಾನ್ಯವಾಗಿ 0 (ಮೊದಲ ಚುಚ್ಚುಮದ್ದು ಹಾಕಿದ ದಿನ), 3, 7, 14, 28ನೇ ದಿನ ಅಂತ ಹಾಕುತ್ತಾರೆ, ಒಂದನ್ನೂ ತಪ್ಪಿಸಬೇಡಿ. ಎಷ್ಟು ದಿನ ಕಟ್ಟಿಹಾಕಿ ಗಮನಿಸಬೇಕು ಅಂತಲೂ ಅವರನ್ನೇ ಕೇಳಿ, ಅಲ್ಲಿಯವರೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ. ಜಗಳ ಬಿಡಿಸುವಾಗ ನಿಮಗೋ ಆಳಿಗೋ ಹಲ್ಲು ತಾಗಿದ್ದರೆ, ಕೈಯ ಗೀರಿಗೆ ಜೊಲ್ಲು ಬಿದ್ದಿದ್ದರೆ, ಸೋಪು ಹಾಕಿ 15 ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ.

ಮಳೆಗಾಲದಲ್ಲಿ ನೊಣದ ಕಾಟ ಹೆಚ್ಚು. ಹುಳ ಬಿದ್ದರೆ ಟರ್ಪೆಂಟೈನ್ ಸುರಿಯಬೇಡಿ, ಡಾಕ್ಟರಿಂದಲೇ ತೆಗೆಸಿ. ಗಾಯ ನೆಕ್ಕದಂತೆ, ಕೆರೆಯದಂತೆ ಕೊರಳಿಗೆ ಕೋನ್ (ತಲೆಯ ಸುತ್ತ ಕೊಳವೆಯಂತೆ ನಿಲ್ಲುವ ಪ್ಲಾಸ್ಟಿಕ್ ಪಟ್ಟಿ) ಹಾಕಿ, ತಳ ಕತ್ತರಿಸಿದ ಹಳೇ ಬಕೆಟ್ ಆದರೂ ನಡೆಯುತ್ತದೆ.

ಬೆಳಿಗ್ಗೆ ಸಂಜೆ ಗಾಯದ ಸುತ್ತ ಬೆರಳಿಂದ ಮೆಲ್ಲಗೆ ಒತ್ತಿ ನೋಡಿ. ನೀರು ತುಂಬಿದ ಹಾಗೆ ಮೆತ್ತಗಾದರೆ, ವಾಸನೆ ಬಂದರೆ, ಊಟ ಬಿಟ್ಟರೆ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಮತ್ತೆ ಡಾಕ್ಟರ ಹತ್ತಿರ ಓಡಿ. ಎದೆಗೆ, ಹೊಟ್ಟೆಗೆ ಹಲ್ಲು ಇಳಿದಿದ್ದರೆ, ವಸಡು ಬಿಳಿಚಿಕೊಂಡಿದ್ದರೆ ತೊಳೆಯುತ್ತಾ ಕೂರುವುದೂ ಬೇಡ, ಬಟ್ಟೆ ಒತ್ತಿ ಹಿಡಿದು ನೇರ ಆಸ್ಪತ್ರೆಗೆ ಹೊರಡಿ.