'ಬ್ಲಾಕ್ ಆರ್ಫಿಯಸ್' ಲೇಖನದ ಬಗ್ಗೆ: ಆ ಸ್ವಿಚ್ಚಿನ ಹತ್ತಿರ ಇನ್ನೂ ಸ್ವಲ್ಪ ನಿಲ್ಲಿ

ನಮಸ್ಕಾರ,

'ಬ್ಲಾಕ್ ಆರ್ಫಿಯಸ್' ಸಿನಿಮಾ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಪುಟ ಪೂರ್ತಿ ಪ್ರಶಸ್ತಿಗಳ ವಿಷಯ. 1959ರಲ್ಲಿ ಕಾನ್ ಚಿತ್ರೋತ್ಸವದ ಪಾಮ್ ದೋರ್, ಮರುವರ್ಷ ಆಸ್ಕರ್. ಒಂದು ಸಾಲು ಸಾಕು. ಆಮೇಲೆ ಗ್ರೀಕ್ ಕಥೆ (ಸತ್ತ ಹೆಂಡತಿ ಯೂರಿಡಿಸ್‌ಳನ್ನು ಕರೆತರಲು ಗಾಯಕ ಆರ್ಫಿಯಸ್ ಪಾತಾಳಕ್ಕೆ ಹೋಗಿ, ತಿರುಗಿ ನೋಡಬಾರದು ಅನ್ನುವ ಷರತ್ತು ಮುರಿದು, ಅವಳನ್ನು ಮತ್ತೆ ಕಳೆದುಕೊಳ್ಳುವುದು), ಆಮೇಲೆ ಸಿನಿಮಾ ಕಥೆ, ಕೊನೆಗೆ ಯಾರು ಯಾರಿಗೆ ಸಮ ಅನ್ನುವ ಹೋಲಿಕೆ. ಆರ್ಫಿಯಸ್ ಅಂದರೆ ರಿಯೊ ಡಿ ಜನೈರೊದಲ್ಲಿ ಟ್ರಾಮ್ ಓಡಿಸುವ ಗಿಟಾರ್ ವಾದಕ. ಪಾತಾಳದ ನಾಯಿ ಸೆರ್ಬರಸ್ ಅಂದರೆ ಗೇಟಿನ ಕಾವಲು ನಾಯಿ. ಎಲ್ಲ ಸರಿಯೇ. ಆದರೆ ಕಥೆ ಗೊತ್ತಿದ್ದವರು ಸಿನಿಮಾ ನೋಡಿದ ಕೂಡಲೇ ಇಷ್ಟನ್ನು ಗುರುತಿಸುತ್ತಾರೆ. ನಿರ್ದೇಶಕ ಮಾರ್ಸೆಲ್ ಕಾಮು ಹಳೆಯ ಕಥೆಯನ್ನು ಎಲ್ಲಿ ಬದಲಿಸಿದ, ಅದರಿಂದ ಏನಾಯಿತು? ಓದುಗರು ನಿಮ್ಮಿಂದ ಕೇಳುವುದು ಅದನ್ನು.

"ಯೂರಿಡಿಸ್ ವಿದ್ಯುತ್ ಆಘಾತದಿಂದ ಸಾಯುತ್ತಾಳೆ" ಅಂತ ಬರೆದು ನೀವು ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ಲೇಖನ ಶುರುವಾಗಬೇಕಾದ್ದೇ ಅಲ್ಲಿ! ಗ್ರೀಕ್ ಕಥೆಯಲ್ಲಿ ಅವಳನ್ನು ಕೊಲ್ಲುವುದು ಹಾವು. ಆರ್ಫಿಯಸ್‌ಗೂ ಆ ಸಾವಿಗೂ ಸಂಬಂಧ ಇಲ್ಲ. ಇಲ್ಲಿ ನೋಡಿ: ಕಾರ್ನಿವಲ್ ರಾತ್ರಿ, ಸಾವಿನ ವೇಷ ಹಾಕಿದವನಿಂದ ತಪ್ಪಿಸಿಕೊಂಡು ಅವಳು ಟ್ರಾಮ್ ಡಿಪೋಗೆ ಓಡಿ ಬರುತ್ತಾಳೆ. ಅಲ್ಲಿ ಒಂದು ವಿದ್ಯುತ್ ತಂತಿಗೆ ಜೋತುಬಿದ್ದಿದ್ದಾಳೆ. ಅವಳನ್ನು ಹುಡುಕಿಕೊಂಡು ಬಂದ ಆರ್ಫಿಯಸ್ ಕತ್ತಲಲ್ಲಿ ಸ್ವಿಚ್ ಹಾಕುತ್ತಾನೆ. ಅವನದೇ ಡಿಪೋ, ಅವನದೇ ಕೈ. ಅವಳು ಸಾಯುವುದು ಅದರಿಂದ.

ಈಗ ಮುಂದಿನ ದೃಶ್ಯ ಓದಿ ನೋಡಿ. ಅವಳನ್ನು ಹುಡುಕುತ್ತಾ ಆರ್ಫಿಯಸ್ ಹೋಗುವ ಕಾಣೆಯಾದವರ ಕಚೇರಿಯಲ್ಲಿ ಬರೀ ಕಾಗದದ ರಾಶಿ. ಅಲ್ಲಿ ಕಸ ಗುಡಿಸುವವನು ಅವನನ್ನು ಸುರುಳಿ ಮೆಟ್ಟಿಲಲ್ಲಿ ಕೆಳಗಿಳಿಸಿ, ಮೈಮೇಲೆ ದೇವರು ಬರುವ ಒಂದು ಪೂಜೆಗೆ ಕರೆದುಕೊಂಡು ಹೋಗುತ್ತಾನೆ. ಬೆನ್ನ ಹಿಂದೆ ಯೂರಿಡಿಸ್ ದನಿ ಕೇಳುತ್ತದೆ. ತಿರುಗಿ ನೋಡಬೇಡ ಅನ್ನುತ್ತಾಳೆ. ಅವನು ನೋಡುತ್ತಾನೆ. ಅಲ್ಲಿರುವುದು ಒಬ್ಬ ಮುದುಕಿ. ಅಂದರೆ ಈ ಸಿನಿಮಾದಲ್ಲಿ ಅವನು ಅವಳನ್ನು ಕಳೆದುಕೊಳ್ಳುವುದು ಎರಡು ಸಲ, ಎರಡು ಸಲವೂ ತನ್ನ ಕೈಯಾರೆ, ಎರಡು ಸಲವೂ ಅವಳನ್ನು ಕಾಣುವ ಆತುರದಲ್ಲಿ. ಹಳೆಯ ಕಥೆಯಲ್ಲಿ ಒಂದೇ ಸಲ ಇದ್ದ ತಪ್ಪನ್ನು ಕಾಮು ಜೋಡಿ ಮಾಡಿದ್ದಾನೆ. ನನ್ನ ಮಟ್ಟಿಗೆ ಸಿನಿಮಾದ ಜೀವ ಇರುವುದು ಇಲ್ಲೇ. ನಿಮಗೆ ಬೇರೆ ಅನಿಸಬಹುದು. ಆಗ ನಿಮ್ಮದನ್ನೇ ಬರೆಯಿರಿ, ಆದರೆ ಇಷ್ಟು ಹತ್ತಿರದಿಂದ ನೋಡಿ ಬರೆಯಿರಿ.

"ಬ್ರೆಜಿಲ್ ಜನಜೀವನದ ನೈಜ ಚಿತ್ರಣ" ಅನ್ನುವ ಮಾತನ್ನು ದಯವಿಟ್ಟು ತೆಗೆಯಿರಿ. ಕಾಮು ಫ್ರೆಂಚ್ ನಿರ್ದೇಶಕ. ಸಿನಿಮಾಕ್ಕೆ ಮೂಲ ವಿನೀಸಿಯಸ್ ಡಿ ಮೊರಾಯಿಸ್ ಬರೆದ ನಾಟಕ. 1956ರಲ್ಲಿ ರಿಯೊದಲ್ಲಿ ರಂಗಕ್ಕೆ ಬಂತು. ಅದಕ್ಕೆ ಆಂಟೋನಿಯೊ ಕಾರ್ಲೋಸ್ ಜೋಬಿಮ್ ಸಂಗೀತ, ಆಸ್ಕರ್ ನೀಮೆಯರ್ ರಂಗಸಜ್ಜಿಕೆ. ಆ ವಿನೀಸಿಯಸ್‌ಗೇ ಸಿನಿಮಾ ಹಿಡಿಸಲಿಲ್ಲ. ಬೆಟ್ಟದ ಮೇಲಿನ ಕೊಳೆಗೇರಿಯ ಬಡತನವನ್ನು ಬರೀ ಕುಣಿತ, ಬಣ್ಣ ಮಾಡಿ ತೋರಿಸಿದ್ದಾರೆ ಅಂತ ಬ್ರೆಜಿಲ್‌ನಲ್ಲಿ ಅನೇಕರು ಬೇಸರಪಟ್ಟರು. ಆ ಬೇಸರ ನ್ಯಾಯವಾದದ್ದು. ಹಾಗಿದ್ದೂ ನಿಮಗೆ ಸಿನಿಮಾ ಇಷ್ಟ ಅಲ್ವಾ? ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬರೆಯಿರಿ.

ಸಾವಿತ್ರಿಯ ಹೋಲಿಕೆ ಸುಮ್ನೆ ಬಂದು ಹೋಗುತ್ತದೆ. ಬೇಕೇ ಬೇಕು ಅಂದರೆ ಆದಿಪರ್ವದ ರುರು ಮತ್ತು ಪ್ರಮದ್ವರೆ ಜಾಸ್ತಿ ಹತ್ತಿರ. ಅಲ್ಲಿಯೂ ಹುಡುಗಿ ಹಾವು ಕಚ್ಚಿ ಸಾಯುತ್ತಾಳೆ. ರುರು ತನ್ನ ಅರ್ಧ ಆಯಸ್ಸು ಕೊಟ್ಟು ಬದುಕಿಸಿಕೊಳ್ಳುತ್ತಾನೆ.

ಕೊನೆಯ ಪ್ಯಾರಾ, "ಪ್ರೀತಿಗೆ ಸಾವಿಲ್ಲ" ಅಂತ ಮುಗಿಯುವುದು, ಬೇಡ. ಗಿಟಾರ್ ನುಡಿಸಿ ಸೂರ್ಯನನ್ನು ಎಬ್ಬಿಸುವ ಹುಡುಗರ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ. ಆ ಜಾಗ ಅವರಿಗೆ ಕೊಡಿ. 'ದೃಶ್ಯಕಾವ್ಯ' ಅನ್ನುವ ಪದ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಹೊಡೆದುಹಾಕಿ, ಬದಲಿಗೆ ಕಂಡದ್ದನ್ನು ಹೇಳಿ. ಸಾವಿರ ಪದದೊಳಗೆ ತಂದು ಮತ್ತೆ ಕಳಿಸಿ. ನಾನೇ ಓದುತ್ತೇನೆ.